ನನ್ನ ಎಡಗೈಯ ಇಸವಿ

2016ನೇ ಇಸವಿ ಏಪ್ರಿಲ್ 4, ಸೋಮವಾರ. ಆಧಾರ: ಬೀದರಿನ ಚಿದ್ರಿಯ ನಮ್ಮ ಮನೆಯ ಅಡುಗೆಮನೆ ಬಾಗಿಲ ಹಿಂದೆ ತೂಗುವ ಕ್ಯಾಲೆಂಡರು, ಮತ್ತು ಆ ದಿನದ ಚೌಕದಲ್ಲಿ ನನ್ನ ಹೆಂಡತಿ ಪೆನ್ಸಿಲಿನಿಂದ ಬರೆದಿಟ್ಟ 'ಟ್ಯಾಂಕರ್ ಬಂದಿಲ್ಲ' ಎಂಬ ಟಿಪ್ಪಣಿ. ಎರಡನ್ನೂ ಚರ್ಮವೈದ್ಯರ ಚೀಟಿಯ ಮೇಲಿನ ಮೊಹರಿನೊಂದಿಗೆ ತಾಳೆ ನೋಡಿದ್ದೇನೆ, ಮೂರೂ ಒಪ್ಪುತ್ತವೆ. ಆದ್ದರಿಂದ ಈ ಬರಹದ ಮೊದಲ ವಾಕ್ಯದ ಮಟ್ಟಿಗೆ ಓದುಗರು ನಿಶ್ಚಿಂತರಾಗಿರಬಹುದು. ಉಳಿದ ವಾಕ್ಯಗಳ ಬಗ್ಗೆಯೂ ಇಷ್ಟೇ ಧೈರ್ಯವಾಗಿ ಭರವಸೆ ಕೊಡುವ ಸ್ಥಿತಿಯಲ್ಲಿ ನಾನು ಆ ಸೋಮವಾರದ ಬೆಳಗಿನವರೆಗೂ ಇದ್ದೆ.

ತಾರೀಖು ತಾಳೆ ನೋಡುವುದು ನನಗೆ ವೃತ್ತಿಯಿಂದ ಅಂಟಿ, ನಿವೃತ್ತಿಯಿಂದ ಉಲ್ಬಣಿಸಿದ ಚಟ. ಸಂಶೋಧಕನಾಗಿ ಮೂವತ್ತೈದು ವರ್ಷ ಹಳೆಯ ಕಾಗದಗಳ ನಡುವೆ ಕಳೆದವನು ಮನೆಗೆ ಬಂದ ಮೇಲೆ ಹೊಸ ಕಾಗದಗಳನ್ನು ಬಿಡುತ್ತಾನೆಯೇ? ಮದುವೆಯ ಆಮಂತ್ರಣ ಬಂದರೆ ವಧೂವರರ ಹೆಸರಿಗಿಂತ ಮೊದಲು ತಾರೀಖಿಗೂ ವಾರಕ್ಕೂ ಹೊಂದಿಕೆಯಾಗುತ್ತದೆಯೇ ಎಂದು ನೋಡುತ್ತೇನೆ; ಆಗದಿದ್ದರೆ ತಿದ್ದಿ ವಾಪಸು ಕಳಿಸುತ್ತೇನೆ. ಇದರಿಂದಾಗಿ ನಮಗೆ ಬರುವ ಆಮಂತ್ರಣಗಳ ಸಂಖ್ಯೆ ಇಳಿದಿದೆ, ಗುಣಮಟ್ಟ ಏರಿದೆ. ಒಮ್ಮೆ ಭಾಲ್ಕಿಯಲ್ಲಿ ಶೋಕಸಭೆಯೊಂದರಲ್ಲಿ ಮೃತರ ವಯಸ್ಸು ಎಂಬತ್ತಲ್ಲ, ಎಪ್ಪತ್ತೆಂಟು ಎಂದು ಆಧಾರಸಹಿತ ಹೇಳಿ, ಅವರ ಮಕ್ಕಳ ದುಃಖವನ್ನು ಎರಡು ವರ್ಷದಷ್ಟು ಹೆಚ್ಚಿಸಿ ಬಂದಿದ್ದೇನೆ. ನನ್ನ ಹೆಂಡತಿ ಶಕುಂತಲಾ ಇದನ್ನೆಲ್ಲ ಸಹಿಸಿಕೊಂಡು ಬಂದಿದ್ದಾಳೆ. ಅವಳು ಹೆಚ್ಚು ಮಾತಿನವಳಲ್ಲ. ಬೇಸಗೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ಕುಪ್ಪಸವನ್ನೇ ತೊಡುವ ಹಳೆಯ ಕಾಲದ ಹೆಂಗಸು ಎಂದು ನಾನು ಅವಳನ್ನು ಪರಿಚಯಿಸುವುದುಂಟು.

ಆ ಸೋಮವಾರಕ್ಕೆ ಕೆಲವು ದಿನ ಮೊದಲು, ನಾನು ಬನಿಯನ್ನಿನಲ್ಲಿ ಪಡಸಾಲೆಯಲ್ಲಿ ಕುಳಿತು ಪತ್ರಿಕೆಯ ಒಂದು ತಪ್ಪು ಇಸವಿಯ ವಿರುದ್ಧ ಸಂಪಾದಕರಿಗೆ ಪತ್ರ ಬರೆಯುತ್ತಿದ್ದಾಗ, ಅವಳು ಚಹಾ ತಂದಿಟ್ಟು ನನ್ನ ಎಡ ಮುಂಗೈಯನ್ನು ನೋಡುತ್ತ ನಿಂತಳು. ಅಲ್ಲಿ ಒಂದು ಕಂದು ಕಲೆಯಿದೆ. ಇತ್ತು ಎಂದು ಈಗ ಹೇಳಬೇಕು. ಹುಣಸೆ ಬೀಜದಷ್ಟು ದೊಡ್ಡದು.

"ಏನ್ರಿ, ಇದು ಬೆಳದಾದ," ಎಂದಳು. "ಒಂದು ಕಡೆ ಕರ್ರಗಾಗ್ಯಾದ. ದಂಡಿ ನೋಡ್ರಿ, ಮೊದಲು ದುಂಡಗಿತ್ತು, ಈಗ ಹ್ಯಾಂಗರೆ ಹರಡ್ಯಾದ."

"ನಲವತ್ತಮೂರು ವರ್ಷದ ಕಲೆ ಶಕ್ಕು. ಅದಕ್ಕೂ ವಯಸ್ಸಾಗ್ತದ," ಎಂದೆ.

ಅವಳು ಏನೋ ಹೇಳಬೇಕೆಂದು ಬಾಯಿ ತೆರೆದು, ಮುಚ್ಚಿ, "ಡಾಕ್ಟರಿಗಿ ತೋರಸ್ರಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಅರ್ಧ ಅಂಗುಲದ ಕಲೆಗೆ ಡಾಕ್ಟರೇ ಎಂದು ನಾನು ಎರಡು ದಿನ ವಾದಿಸಿದೆ. ಮೂರನೆಯ ದಿನ ಅವಳು ವಾದಿಸದೆ ಆಟೋ ಕರೆಸಿದಳು.

ಬೀದರಿನ ಆ ಚರ್ಮವೈದ್ಯೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹೊರಗೆ ಕುಳಿತ ಮೂವತ್ತು ಜನರಲ್ಲಿ ಇಪ್ಪತ್ತೈದು ಜನ ಟ್ಯಾಂಕರ್ ನೀರಿನ ತುರಿಕೆಯವರು. ಬರಗಾಲ ಮೊದಲು ಬಾವಿಗೆ ಬರುತ್ತದೆ, ಆಮೇಲೆ ಮನುಷ್ಯನ ಚರ್ಮಕ್ಕೆ. ನನ್ನ ಸರದಿ ಬಂದಾಗ ಡಾಕ್ಟರು ಭೂತಗನ್ನಡಿಯಂಥ ದೀಪವೊಂದನ್ನು ಕಲೆಯ ಮೇಲೆ ಹಿಡಿದು ಬಹಳ ಹೊತ್ತು ನೋಡಿ ಕೇಳಿದರು:

"ಎಷ್ಟು ದಿವಸ ಆತ್ರಿ ಇದು ಬಂದು?"

ನಲವತ್ತು ವರ್ಷಗಳಿಂದ ನಾನು ಜಗತ್ತಿಗೆ ಕೇಳುತ್ತ ಬಂದ ಪ್ರಶ್ನೆಯನ್ನು ಜಗತ್ತು ನನಗೆ ಕೇಳಿದ್ದು ಅದೇ ಮೊದಲು. ನಾನು ನೆಟ್ಟಗೆ ಕುಳಿತೆ.

"ದಿವಸ ಯಾಕ್ರಿ, ತಾರೀಖೇ ಹೇಳ್ತೇನಿ. ಎಪ್ಪತ್ತಮೂರನೇ ಇಸವಿ, ಏಪ್ರಿಲ್ ಹನ್ನೊಂದು, ಬುಧವಾರ. ಮಧ್ಯಾಹ್ನದ ಊಟಕ್ಕ ಮುಂಚೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಇಷ್ಟು ಪಕ್ಕಾ ಹೇಳಿದವರು ನೀವೇ ಮೊದಲನೇದವರು ನೋಡ್ರಿ."

ಇದನ್ನು ನಾನು ಪ್ರಶಂಸೆ ಎಂದು ಸ್ವೀಕರಿಸಿ, ಕೇಳದಿದ್ದರೂ ಹಿನ್ನೆಲೆ ಹೇಳತೊಡಗಿದೆ. ಓದುಗರಿಗೂ ಅದು ಬೇಕಾಗುತ್ತದೆ.

ನನ್ನ ಮಾವನ ಮನೆ ಭಾಲ್ಕಿಯಲ್ಲಿ. ಊರಲ್ಲಿ ಅದಕ್ಕೆ ಭಟ್ಟಿಯವರ ಮನೆ ಎಂದೇ ಹೆಸರು. ನನ್ನ ಮದುವೆಯ ಮಾತು ಬಂದಾಗ ನಮ್ಮ ತಂದೆ ಈ ಹೆಸರು ಕೇಳಿ ಎದ್ದು ಹೊರಟಿದ್ದರಂತೆ. ದಾರೂ ಭಟ್ಟಿಯವರ ಮಗಳು ನಮಗೆ ಬೇಡ ಎಂದು. ಅಲ್ಲಿ ತಯಾರಾಗುವುದು ದಾರೂ ಅಲ್ಲ, ಸಿರ್ಕಾ, ಅಂದರೆ ಕಬ್ಬಿನ ಹಾಲನ್ನು ಹುಳಿಯೇರಿಸಿ ಮಾಡುವ, ಉಪ್ಪಿನಕಾಯಿಗೂ ಔಷಧಿಗೂ ಬೇಕಾಗುವ ದ್ರವ ಎಂದು ತಿಳಿದ ಮೇಲೆ ಮತ್ತೆ ಕುಳಿತರು. ಆದರೆ ಸತ್ಯದ ದೃಷ್ಟಿಯಿಂದ ಹೇಳಬೇಕಾದ ಮಾತೆಂದರೆ, ಕಬ್ಬಿನ ಹಾಲು ಸಿಹಿಯಿಂದ ನೇರವಾಗಿ ಹುಳಿಗೆ ಹೋಗುವುದಿಲ್ಲ. ನಡುವೆ ಕೆಲವು ದಿನ ದಾರೂ ಆಗಿಯೇ ಇರುತ್ತದೆ. ಒಮ್ಮೆ ಅಬಕಾರಿ ಸಾಹೇಬರು ಸರಿಯಾಗಿ ಆ ದಿನಗಳಲ್ಲೇ ಬಂದು ಮೂಸಿ ನೋಡಿದಾಗ ನನ್ನ ಮಾವ ತಲೆಬಾಗಿ, "ದಾರೂ ನಮ್ಮಲ್ಲಿ ವಸ್ತಿ ಮಾಡಂಗಿಲ್ರಿ ಸಾಹೇಬ್ರ, ಹಾದು ಹೋಗ್ತದ" ಎಂದರಂತೆ. ಸಾಹೇಬರು ಅದು ಹಾದು ಹೋಗುವುದನ್ನು ಖಾತ್ರಿ ಮಾಡಿಕೊಳ್ಳಲು ಎರಡು ಲೋಟ ಪರೀಕ್ಷಿಸಿದರು ಎಂದೂ ಹೇಳುತ್ತಾರೆ. ಈ ಎರಡನೆಯ ಭಾಗಕ್ಕೆ ಲಿಖಿತ ಆಧಾರವಿಲ್ಲ.

ಆ ಮನೆಯಲ್ಲಿ ಕತ್ತಲೆಯ ಉದ್ದನೆಯ ಕೋಣೆಯೊಂದರಲ್ಲಿ ಏಳು ರಾಂಜಣಗಳಿವೆ. ಆಳೆತ್ತರದ ಮಣ್ಣಿನ ಪಾತ್ರೆಗಳು. ಕುತ್ತಿಗೆಯವರೆಗೆ ನೆಲದಲ್ಲಿ ಹೂತಿವೆ, ಬಾಯಿ ಮಾತ್ರ ಮೇಲಿದೆ. ಸಿರ್ಕಾ ಕೂಡಿಬಂದಾಗ ಅದರ ಮೇಲೆ ಬಿಳಿಯ, ಹೊಳೆಯುವ, ದಪ್ಪನೆಯ ಒಂದು ಪೊರೆ ಕಟ್ಟುತ್ತದೆ. ಇಡೀ ವ್ಯವಹಾರದ ಜೀವ ಅದು. ಒಂದು ರಾಂಜಣದ ಪೊರೆಯ ತುಂಡು ಇನ್ನೊಂದಕ್ಕೆ ಹಾಕಿದರೆ ಅದೂ ಹುಳಿಯೇರುತ್ತದೆ. ಪೊರೆ ಸತ್ತರೆ ಮನೆತನದ ರುಚಿಯೇ ಸತ್ತಂತೆ. ಮನೆಯಲ್ಲಿ ಮರಾಠಿಯೂ ನಡೆಯುವುದರಿಂದ ಅದನ್ನು 'ಆಯಿ' ಎಂದು, ತಾಯಿ ಎಂದು, ಕರೆಯುತ್ತಾರೆ. ರಾಸಾಯನಿಕ ಏನನ್ನೂ ಹಾಕುವುದಿಲ್ಲ. ಹಾಗೆ ಹಾಕದಿರುವುದಕ್ಕೂ 'ಸಾವಯವ' ಎಂದು ಹೆಸರಿದೆಯೆಂದು ಆ ಮನೆಯವರಿಗೆ ಗೊತ್ತಾಗಲು ನಾಲ್ಕು ತಲೆಮಾರು ಬೇಕಾಯಿತು. ಈಗ ಭಟ್ಟಿ ನಡೆಸುವ ನನ್ನ ಹೆಂಡತಿಯ ತಮ್ಮ ವಿಠ್ಠಲ ಆ ಹೆಸರನ್ನು ಸೀಸೆಯ ಮೇಲೆ ಅಚ್ಚು ಹಾಕಿಸಿದ್ದಾನೆ.

ಎಪ್ಪತ್ತೆರಡು–ಎಪ್ಪತ್ತಮೂರರ ಬರದಲ್ಲಿ ಕಬ್ಬು ಎಲ್ಲಿಯದು? ಜನ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದು, ಪುಣೆ, ಮುಂಬಯಿ ಎಂದು ಹೊರಟಿದ್ದರು. ಆರು ರಾಂಜಣಗಳು ಒಣಗಿದವು. ಏಳನೆಯದರಲ್ಲಿ ಉಳಿದಿದ್ದ ಒಂದೇ ಆಯಿಗೆ ಮಾವ ಬೆಲ್ಲದ ನೀರು ಕುದಿಸಿ, ಆರಿಸಿ, ಗುಟುಕು ಗುಟುಕಾಗಿ ಉಣ್ಣಿಸುತ್ತಿದ್ದರು. ಹಾಗೆ ಕುದಿಯುತ್ತಿದ್ದ ಪಾತ್ರೆ ಒಂದು ಮಧ್ಯಾಹ್ನ ಒಲೆಯಿಂದ ಜಾರಿ, ರಾಂಜಣದ ತೆರೆದ ಬಾಯಿಯ ಕಡೆಗೆ ವಾಲಿತು. ಬಿಸಿ ನೀರು ಒಳಗೆ ಬಿದ್ದಿದ್ದರೆ ಆಯಿ ಬೆಂದುಹೋಗುತ್ತಿದ್ದಳು. ಆ ಕ್ಷಣದಲ್ಲಿ ಒಂದು ಕೈ ಅಡ್ಡ ಬಂದು ಪಾತ್ರೆಯನ್ನು ಆಚೆಗೆ ತಳ್ಳಿತು. ಕೈ ಸುಟ್ಟಿತು, ಆಯಿ ಉಳಿದಳು.

ಆ ಕೈ ನನ್ನದು. ಈ ಪ್ರಸಂಗವನ್ನು ನಾನು ನೆಂಟರ ಮುಂದೆ, ಸಹೋದ್ಯೋಗಿಗಳ ಮುಂದೆ, ಎರಡು ವಿಚಾರಸಂಕಿರಣಗಳ ಊಟದ ವಿರಾಮದಲ್ಲಿ ಹೇಳಿದ್ದೇನೆ. ವಿಠ್ಠಲ ತನ್ನ ಸೀಸೆಗಳ ಜೊತೆ ಕೊಡಲು ಒಂದು ಕರಪತ್ರ ಬರೆದುಕೊಡಿ ಎಂದಾಗ, 'ಈ ಮನೆತನದ ಅಳಿಯಂದಿರಾದ ವಿದ್ವಾಂಸರೊಬ್ಬರು ತಮ್ಮ ಎಡಗೈಯನ್ನೇ ಒಡ್ಡಿ ಈ ಪರಂಪರೆಯನ್ನು ರಕ್ಷಿಸಿದರು' ಎಂದು ಸಂಕೋಚದಿಂದ, ಪ್ರಥಮ ಪುರುಷದಲ್ಲಿ, ಬರೆದುಕೊಟ್ಟಿದ್ದೇನೆ. ತಾರೀಖನ್ನು ಮಾವನ ದಿನಚರಿ ವಹಿಯಿಂದ ಖಚಿತಪಡಿಸಿಕೊಂಡೇ ಹಾಕಿದ್ದು.

ಡಾಕ್ಟರು ಇಷ್ಟನ್ನೂ ಕೇಳಿ, ಅರ್ಜಿಯ ನಮೂನೆಯೊಂದರಲ್ಲಿ ಬರೆದುಕೊಂಡರು. ಮತ್ತೊಮ್ಮೆ ದೀಪ ಹಿಡಿದರು.

"ಸುಟ್ಟ ಕಲಿ ಹಿಂಗ ಕಾಣ್ಸಂಗಿಲ್ರಿ ಸರ್. ಇದರೊಳಗ ಕೂದಲು ಬೆಳದಾವ. ಅಷ್ಟು ಸುಟ್ಟಲ್ಲಿ ಕೂದಲು ಬರಂಗಿಲ್ಲ."

"ಚರ್ಮ ನಿಮ್ಮ ವಿಷಯ, ತಾರೀಖು ನನ್ನದು," ಎಂದೆ, ಸೌಜನ್ಯವಾಗಿಯೇ.

ಅವರು ಕುರ್ಚಿ ಹತ್ತಿರ ಎಳೆದುಕೊಂಡು ವಿವರಿಸಿದರು. ಇದು ಏನೆಂದು ತಿಳಿಯಲು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಬಯಾಪ್ಸಿ. ಅದಕ್ಕೆ ಮೂರು ದಾರಿ. ಮೇಲ್ಮೇಲೆ ಬ್ಲೇಡಿನಿಂದ ಹೆರೆದು ತೆಗೆಯುವುದು ಒಂದು. ಮೇಲೇ ಕುಳಿತ ಗಂಟುಗಳಿಗೆ ಅದು ಸಾಕು, ಇದಕ್ಕೆ ಸಾಲದು. ಸಣ್ಣ ದುಂಡು ಬಾಯಿಯ ಕೊಳವೆಯಂಥ ಕತ್ತಿಯನ್ನು ಒತ್ತಿ ತಿರುಗಿಸಿ, ಚರ್ಮದ ಪೂರ್ತಿ ಆಳದ ಒಂದು ಕಂಬವನ್ನೇ ಎತ್ತುವುದು ಇನ್ನೊಂದು. ಅದಕ್ಕೆ ಪಂಚ್ ಎನ್ನುತ್ತಾರೆ. ಸುತ್ತ ಸ್ವಲ್ಪ ಒಳ್ಳೆಯ ಚರ್ಮವನ್ನೂ ಸೇರಿಸಿ ಇಡೀ ಕಲೆಯನ್ನೇ ಕತ್ತರಿಸಿ ತೆಗೆದು ಹೊಲಿಯುವುದು ಮೂರನೆಯದು.

"ಹಳೇ ಸುಟ್ಟ ಕಲಿ ಆಗಿದ್ರ, ಭಾಳ ವರ್ಷದ ಮ್ಯಾಲ ಕೆಲವೊಮ್ಮೆ ಅದರ ಅಂಚು ಕೆಡ್ತದ್ರಿ. ಹಂಗಿದ್ರ ಎಷ್ಟು ದೂರ ಕೆಟ್ಟಾದ ಅಂತ ಮೊದಲು ಅಲ್ಲಲ್ಲಿ ಪಂಚ್ ಹೊಡದು ನೋಡ್ಬೇಕು. ಹಂಗಲ್ಲ, ಇದು ಈಚೆಗ ಬಂದ ಮಚ್ಚಿ, ಬೆಳೀಲಕತ್ತಾದ ಅಂದ್ರ, ಚೂರು ಚೂರು ತೆಗೀಬಾರದು. ಕೆಟ್ಟ ಜಾಗ ತಪ್ಪಿ ಹೋಗ್ತದ. ಒಂದೇ ಸಲಕ್ಕ ಪೂರಾ ತೆಗೀಬೇಕು. ನಿಮ್ಮ ತಾರೀಖಿನ ಮ್ಯಾಲ ನನ್ನ ಕತ್ತರಿ ನಿಂತದ್ರಿ ಸರ್. ತಪ್ಪಾದ್ರ ನಿಮ್ಮ ಕೈಗಿ ಪೆಟ್ಟು. ಮನ್ಯಾಗ ಯಾರರೆ ಕಂಡವರು ಇದ್ರ ಕೇಳಿ ಬರ್ರಿ. ಮುಂದಿನ ಸೋಮವಾರ ಮಾಡೋಣ."

ನಾನು ಶಕುಂತಲೆಯ ಕಡೆ ನೋಡಿದೆ. ಅವಳು ಕುಪ್ಪಸದ ಎಡತೋಳನ್ನು ಕೆಳಗೆ ಎಳೆದುಕೊಳ್ಳುತ್ತ, "ಭಾಲ್ಕಿಗಿ ಹೋಗಿ ಬಾಬಾನ ವಹಿ ನೋಡಿ ಬರ್ರಿ," ಎಂದಳು. ತನ್ನ ತಂದೆಯನ್ನು ಅವಳು ಕರೆಯುವುದು ಬಾಬಾ ಎಂದು.

"ತಾರೀಖು ನೋಡೇ ಬರ್ದೀನಲ್ಲ."

"ಈ ಸಲ ನೀವೇ ನೋಡ್ರಿ."

ಮರುದಿನ ಭಾಲ್ಕಿಯ ಬಸ್ಸು ಹತ್ತಿದೆ. ಎದುರಿನಿಂದ ಬರುತ್ತಿದ್ದ ಔರಾದದ ಬಸ್ಸಿನ ಮೇಲೆ ಟ್ರಂಕು, ಹಾಸಿಗೆಸುರುಳಿಗಳು. ಆ ನೋಟ ನನಗೆ ಹಳೆಯದು. ಅದರ ಮಾತು ಮುಂದೆ ಬರುತ್ತದೆ. ವಿಠ್ಠಲ ಉದ್ದನೆಯ ಕೋಣೆಯಲ್ಲಿ ಬಗ್ಗಿ ನಿಂತಿದ್ದ. ಆ ವರ್ಷವೂ ಕಬ್ಬಿಲ್ಲ. ಏಳರಲ್ಲಿ ಮೂರು ರಾಂಜಣಗಳು ಮಾತ್ರ ಜೀವಂತ. ಕೈ ತೋರಿಸಿ, ಡಾಕ್ಟರು ಹೇಳಿದ ಮೂರು ದಾರಿಗಳನ್ನು ಅವನಿಗೆ ವಿವರಿಸಿದೆ. ಹೆರೆಯುವುದೇ ಎಲ್ಲಕ್ಕಿಂತ ಸುಲಭವಲ್ಲವೇ, ಹೊಲಿಗೆಯೂ ಬೇಡ, ಎಂದು ನನ್ನ ಒಲವನ್ನೂ ಸೂಚಿಸಿದೆ.

"ಮ್ಯಾಲಿಂದ ಕೆರದ್ರ ನೊರಿ ಸಿಗ್ತದ್ರಿ ಭಾವಾಜಿ, ಹಕೀಕತ್ತು ಸಿಗಂಗಿಲ್ಲ," ಎಂದ ಅವನು. ಗೋಡೆಗೆ ಒರಗಿಸಿದ್ದ ಉದ್ದನೆಯ ಹಿತ್ತಾಳೆ ನಳಿಗೆ ತೆಗೆದುಕೊಂಡು, ಒಂದು ರಾಂಜಣದ ಪೊರೆಯ ಅಂಚಿಗೆ ನಿಧಾನ ಇಳಿಸಿ, ತಳ ಮುಟ್ಟಿಸಿ, ಮೇಲಿನ ತೂತನ್ನು ಹೆಬ್ಬೆರಳಿನಿಂದ ಮುಚ್ಚಿ ಎತ್ತಿದ. ಗಾಜಿನ ಲೋಟಕ್ಕೆ ಬಿಟ್ಟಾಗ ಮೇಲಿನದು, ನಡುವಿನದು, ತಳದ್ದು, ಎಲ್ಲವೂ ಅದರಲ್ಲಿತ್ತು. "ಇದು ನಿಮ್ಮ ಡಾಕ್ಟರಮ್ಮನ ಪಂಚ್ ನೋಡ್ರಿ. ನಮ್ಮ ಅಜ್ಜಾಗ ಗೊತ್ತಿತ್ತು. ನಡುವಿಗೆ ಇಳಸಂಗಿಲ್ಲ. ಛಲೋದು ಕೆಟ್ಟದು ಎಲ್ಲಿ ಕೂಡ್ತಾವ, ಆ ಅಂಚಿಗೆ ಇಳಸಬೇಕು."

"ಪೊರೆಯ ಮೇಲೆ ಕರಿ ಚುಕ್ಕಿ ಬಂದರ ಏನು ಮಾಡ್ತಿ?"

"ಯಾವಾಗ ಬಂತು ಅಂತ ಕೇಳ್ತೇನಿ. ಹಳೇದಿದ್ರ ನಳಿಗಿ ಹಾಕಿ ಎಲ್ಲಿ ತನ ಇಳದಾದ ನೋಡ್ಬೇಕು. ಹೊಸಾದಿದ್ರ ನೋಡೋದೇನದ್ರಿ, ಸುತ್ತ ಒಂದು ಬೆರಳು ಬಿಟ್ಟು ಪೂರಾ ತೆಗದು ಒಗೀಬೇಕು." ನನ್ನ ಕೈಯನ್ನು ಹಿಡಿದು ಬಾಗಿಲ ಬೆಳಕಿಗೆ ತಂದು ನೋಡಿದ. "ನಿಮ್ಮ ಆಯಿಗಿ ಚುಕ್ಕಿ ಬಿದ್ದಾದ್ರಿ ಭಾವಾಜಿ."

ಏಳು ವರ್ಷದ ವೈದ್ಯಕೀಯ ಶಿಕ್ಷಣವೂ ನಾಲ್ಕು ತಲೆಮಾರಿನ ಸಿರ್ಕಾವೂ ಒಂದೇ ಮಾತಿಗೆ ಬಂದು ನಿಂತಾಗ ಒಬ್ಬಂಟಿಯಾಗಿ ಉಳಿದವನು ನಾನು. ನಾನು ವಿಷಯ ಬದಲಿಸಿದೆ.

"ಅವತ್ತು ಪಾತ್ರಿ ಜಾರಿದ ದಿವಸ ನಿನಗ ನೆನಪದ ಏನು?"

"ನಾ ಎಲ್ಲಿದ್ದೆ? ನಾಕು ವರ್ಷದಾಂವ, ಬರ ಅಂತ ನನ್ನ ಮಾವಶಿ ಕಡೆ ಕಳಿಸಿದ್ರು. ಎಲ್ಲಾ ನೀವು ಹೇಳಿದ್ದೇ ಗೊತ್ತು."

ಇಲ್ಲಿ ನನಗೆ ಮೊದಲ ಬಾರಿಗೆ ಸ್ವಲ್ಪ ಇರುಸುಮುರುಸಾಯಿತು. ನನ್ನ ಕಥೆಗೆ ನಾನು ಸದಾ ಕೊಡುತ್ತಿದ್ದ ಎರಡನೆಯ ಆಧಾರ ವಿಠ್ಠಲನ ಹೇಳಿಕೆ. ಅವನ ಹೇಳಿಕೆಗೆ ಆಧಾರ ನಾನು. ಇಂಥ ಸುತ್ತುಬಳಸಿನ ಉಲ್ಲೇಖಕ್ಕಾಗಿ ನಾನು ಇಬ್ಬರು ವಿದ್ಯಾರ್ಥಿಗಳ ಪ್ರಬಂಧವನ್ನು ತಿರಸ್ಕರಿಸಿದ್ದುಂಟು.

"ಹಂಗಾರೆ ಕರಪತ್ರಕ್ಕ ತಾರೀಖು ಹ್ಯಾಂಗ ಹೇಳಿದಿ ಫೋನಿನ್ಯಾಗ?"

"ವಹಿಯೊಳಗ ಆ ಹಾಳಿ ಮ್ಯಾಲ ಬೆಲ್ಲದ ಕಲಿ ಬಿದ್ದಾದ್ರಿ. ಬಾಬಾ ತೋರಸ್ತಿದ್ದ. ಅಂಕಿ ಓದಿ ಹೇಳ್ದೆ. ಅಕ್ಷರ ಮೋಡಿ ಲಿಪಿ, ನನಗೆಲ್ಲಿ ಬರ್ತದ?"

ಮೋಡಿ ಲಿಪಿ, ಹಳೆಯ ಮರಾಠಿಯ ಆ ಕೂಡಕ್ಷರ, ನನಗೆ ಬರುತ್ತದೆ. ನನ್ನ ಜೀವನ ನಡೆದದ್ದೇ ಅದರಿಂದ. ಹಾಗಿದ್ದೂ ಆ ಪುಟವನ್ನು ನಾನು ಕಣ್ಣಿನಿಂದ ನೋಡಿರಲಿಲ್ಲ. ತಾರೀಖು ಸಿಕ್ಕಿತಲ್ಲ, ಸಾಕು ಎಂದುಕೊಂಡಿದ್ದೆ. ವಹಿ ತರಿಸಿದೆ. ಮಾವ ನಿಜಾಮರ ಕಾಲದ ಫಸಲಿ ವರ್ಷವನ್ನು ಕೊನೆಯವರೆಗೂ ಬಿಟ್ಟವರಲ್ಲ. ಕಂದು ಕಲೆಯ ಆ ಪುಟದಲ್ಲಿ ಫಸಲಿ 1382, ಖುರ್ದಾದ ತಿಂಗಳು, ಅಂದರೆ ನಮ್ಮ ಏಪ್ರಿಲ್, ಪಕ್ಕದಲ್ಲಿ ಬುಧವಾರ, 11. ಕೆಳಗೆ ಎರಡೇ ಸಾಲು: 'ಬೆಲ್ಲದ ನೀರಿನ ಪಾತ್ರೆ ಜಾರಿತು. ಶಕ್ಕು ಎಡಗೈ ಕೊಟ್ಟು ತಳ್ಳಿದಳು, ಮುಂಗೈ ಬಹಳ ಸುಟ್ಟಿದೆ. ಆಯಿ ಉಳಿದಳು. ಅಳಿಯಂದಿರು ಔರಾದ ಕಡೆ, ತಿಳಿಸಿಲ್ಲ.'

ಮೂರು ಸಲ ಓದಿದೆ. ಆಮೇಲೆ, ಒಬ್ಬ ನುರಿತ ಸಂಶೋಧಕ ಏನು ಮಾಡುತ್ತಾನೋ ಅದನ್ನೇ ಮಾಡಿದೆ: ಆಧಾರದ ಮೇಲೆ ಅನುಮಾನಪಟ್ಟೆ. ಫಸಲಿಗೆ ತಿಂಗಳನ್ನು ನೋಡಿಕೊಂಡು 590 ಅಥವಾ 591 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ. 590 ಕೂಡಿಸಿದರೆ 1972 ಆಗುತ್ತದೆ, ಅದು ಬೇರೆ ಯಾವುದೋ ಪಾತ್ರೆ ಆಗಬಹುದು ಎಂಬ ಆಸೆ ಹುಟ್ಟಿತು. ಆದರೆ ಏಪ್ರಿಲ್ 11 ಬುಧವಾರ ಬರುವುದು 1973ರಲ್ಲಿ. ಹಿಂದಿನ ವರ್ಷ ಅದು ಮಂಗಳವಾರ. ವಾರವನ್ನು ತಾಳೆ ನೋಡದೆ ಇಸವಿ ಒಪ್ಪಬೇಡಿ ಎಂದು ಊರಿಗೆಲ್ಲ ಹೇಳಿದವನನ್ನು ವಾರವೇ ಹಿಡಿದು ಕಟ್ಟಿಹಾಕಿತು.

"ಏನು ಬರದಾದ್ರಿ?" ವಿಠ್ಠಲ ಕೇಳಿದ.

ಓದಿ ಹೇಳಿದೆ. ಅವನು ನಳಿಗೆಯನ್ನು ಗೋಡೆಗೆ ಒರಗಿಸಿ, ಏಳನೆಯ ರಾಂಜಣದ ಕಡೆ ನೋಡಿ ಅಂದ: "ಹಂಗಾರೆ ನಾ ಇಷ್ಟು ವರ್ಷ ಯುಗಾದಿಗಿ ಮೊದಲನೇ ಸೀಸೆ ನಿಮಗ ಕೊಟ್ಟು ಕಾಲು ಬಿದ್ದದ್ದು?"

ಪರಿಶೀಲಿಸಲು ಇನ್ನೊಂದು ಆಧಾರ ಉಳಿದಿತ್ತು. ನನ್ನ ಹಳೆಯ ಟ್ರಂಕು. ಚಿದ್ರಿಗೆ ಬಂದವನೇ ಅಟ್ಟದಿಂದ ಅದನ್ನು ಇಳಿಸಿ ಎಪ್ಪತ್ತಮೂರರ ನನ್ನ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕ ಹುಡುಕಿದೆ. ಆ ಬೇಸಗೆ ನನ್ನನ್ನು ಔರಾದ ತಾಲ್ಲೂಕಿಗೆ ಹಾಕಿದ್ದರು. ಗುಳೆ ಹೊರಟವರ ಊರು, ಕುಟುಂಬ, ಹೋಗುವ ಜಾಗ ಬರೆದುಕೊಳ್ಳುವ ಕೆಲಸ. ಆಗ ಹೊಸದಾಗಿ ಮದುವೆಯಾಗಿದ್ದ ಶಕುಂತಲೆಯನ್ನು ಭಾಲ್ಕಿಯಲ್ಲಿ ಬಿಟ್ಟು ಹೋಗಿದ್ದೆ. ಪುಸ್ತಕದಲ್ಲಿ ನನ್ನದೇ ದುಂಡನೆಯ ಅಕ್ಷರ: 'ಏಪ್ರಿಲ್ 11, ಬುಧವಾರ. ಸಂತಪುರ ಬಸ್ ನಿಲ್ದಾಣ, ಬೆಳಗಿನಿಂದ ಸಂಜೆಯವರೆಗೆ.' ಕೆಳಗೆ ಊರುಗಳ ಪಟ್ಟಿ. ಅಂಚಿನಲ್ಲಿ: 'ಪುಣೆಗೆ ಹೊರಟ ಮುದುಕಿಯೊಬ್ಬಳು ಟ್ರಂಕು ಏರಿಸುವಾಗ ತನ್ನ ಕೋಳಿಯನ್ನು ನನ್ನ ಕೈಗೆ ಕೊಟ್ಟಳು. ಕೋಳಿ ಎಡಗೈ ಕುಕ್ಕಿತು. ಗಾಯ ಅಲ್ಪ.'

ನೋಡಿ, ಆ ಐತಿಹಾಸಿಕ ಬುಧವಾರದಂದು ನನ್ನ ಎಡಗೈಗೂ ಪೆಟ್ಟಾಗಿತ್ತು. ಆ ಮಟ್ಟಿಗೆ ನನ್ನ ನೆನಪು ಸುಳ್ಳಲ್ಲ.

ಹೇಗಾಯಿತು ಎಂದು ಈಗ ನಾನು ಗುರುತಿಸಬಲ್ಲೆ. ಇತರರ ದಂತಕಥೆಗಳ ವಿಷಯದಲ್ಲಿ ಈ ಕೆಲಸವನ್ನೇ ಮಾಡಿಕೊಂಡು ಬಂದವನು ನಾನು. ವಾರದ ನಂತರ ಭಾಲ್ಕಿಗೆ ಬಂದಾಗ ಪಟ್ಟಿ ಕಟ್ಟಿದ ಕೈಯೊಂದನ್ನು ನೋಡಿದ್ದೆ. ಅದರ ಬಿಳುಪು, ಅದರಿಂದ ಬರುತ್ತಿದ್ದ ಹುಳಿ ವಾಸನೆ, ಎಲ್ಲವೂ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆ ಕೈ ಯಾರ ಭುಜಕ್ಕೆ ಸೇರಿತ್ತು ಎಂಬ ಒಂದು ಸಣ್ಣ ವಿವರ ಮಾತ್ರ ಕಾಲಕ್ರಮದಲ್ಲಿ ಸರಿದುಹೋಯಿತು. ಮೊದಮೊದಲು 'ನಮ್ಮ ಮನೆಯಲ್ಲಿ ಹೀಗಾಯಿತು' ಎನ್ನುತ್ತಿದ್ದೆ. ಹತ್ತು ವರ್ಷದ ನಂತರ 'ನಾವು ಉಳಿಸಿದೆವು' ಎಂದಾಯಿತು, ಇನ್ನೂ ಕೆಲವು ವರ್ಷಕ್ಕೆ 'ನಾನು'. ಮುಂದೆ ಕೈಯ ಮೇಲೆ ಒಂದು ಕಲೆ ಕಾಣಿಸಿಕೊಂಡಾಗ, ಕಥೆಗೆ ಕೈ ಬೇಕಿತ್ತು, ಕಲೆಗೆ ಕಥೆ ಬೇಕಿತ್ತು, ಎರಡನ್ನೂ ಕೂಡಿಸಿದೆ. ಹೆಂಡತಿಯ ಮುಂಗೈ ಮೇಲೆ ಗಾಯದ ಗುರುತಿದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೆಂಗಸರ ಕೈಯ ಕಲೆಗೆ ನಾವು ಆಧಾರ ಕೇಳುವುದಿಲ್ಲ. 'ಒಲೆ' ಎಂದು ಬರೆದುಕೊಂಡು ಮುಂದಕ್ಕೆ ಹೋಗುತ್ತೇವೆ. ಮನೆಯೊಳಗಿನ ಸಾಕ್ಷಿಯನ್ನು ಸಂದರ್ಶಿಸುವ ಪದ್ಧತಿ ನನ್ನ ಸಂಶೋಧನಾ ಕ್ರಮದಲ್ಲಿರಲಿಲ್ಲ.

ಶಕುಂತಲಾ ಜೋಳದ ಹಿಟ್ಟು ನಾದುತ್ತಿದ್ದಳು. ಟಿಪ್ಪಣಿ ಪುಸ್ತಕ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ.

"ಯಾಕ ಹೇಳಲಿಲ್ಲ ಶಕ್ಕು?"

"ಹೇಳಿದ್ರ ನಂಬತಿದ್ರೇನು? ನಿಮಗ ಬರದದ್ದು ಬೇಕು." ಅವಳು ನಾದುವುದನ್ನು ನಿಲ್ಲಿಸಲಿಲ್ಲ. "ಮೊದಲನೇ ಸಲ ನೀವು 'ನಾನು' ಅಂದಾಗ ಬಾಬಾ ಇದ್ದ. ಮಂದಿ ಮುಂದ ಅಳಿಯನ ಮಾತು ಮುರೀಬ್ಯಾಡ ಅಂದ. ಆಮ್ಯಾಲ ರೂಢಿ ಆತು."

"ನಿನಗ ಸಿಟ್ಟು ಬರಲಿಲ್ಲೇನು?"

"ಬಂದಿತ್ತು. ಆದ್ರ ನೀವು ಭಾಳ ಛಂದ ಹೇಳ್ತಿದ್ರಿ. ಸುಡೋವಾಗ ಅದು ಅಷ್ಟು ಛಂದ ಇರಲಿಲ್ಲ." ಹಿಟ್ಟಿನ ಕೈಯನ್ನು ಹಾಗೆಯೇ ಎತ್ತಿ, ಮೊಣಕೈಯಿಂದ ತೋಳನ್ನು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ನುಣುಪಾಗಿ, ಬಿಳಿಚಿ, ಹೊಳೆಯುತ್ತಿತ್ತು, ರಾಂಜಣದ ಪೊರೆಯ ಹಾಗೆ. ಒಂದು ಕೂದಲೂ ಇರಲಿಲ್ಲ. "ಸುಟ್ಟ ಕಲಿ ಹಿಂಗಿರ್ತದ. ಡಾಕ್ಟರಮ್ಮಗ ಒಂದೇ ನೋಟಕ್ಕ ತಿಳೀತು."

"ಹಂಗಾರೆ ನಂದು?"

"ನಿಮ್ಮದು ರಿಟೈರ್ ಆದ ಮ್ಯಾಲ ಬಂದದ್ದು. ನಂಬಕಿ ಇಲ್ಲಂದ್ರ ಫೋಟೋ ನೋಡ್ರಿ."

ನೋಡಿದೆ. 2006ರ ಬೀಳ್ಕೊಡುಗೆಯ ಚಿತ್ರ. ಅರ್ಧ ತೋಳಿನ ಅಂಗಿಯಲ್ಲಿ ಎರಡೂ ಕೈ ಚಾಚಿ ಹಣ್ಣಿನ ಬುಟ್ಟಿ ತೆಗೆದುಕೊಳ್ಳುತ್ತಿದ್ದೇನೆ. ಭೂತಗನ್ನಡಿಯಿಂದ ನೋಡಿದರೂ ಎಡ ಮುಂಗೈ ಅಚ್ಚುಕಟ್ಟಾಗಿದೆ. ಅಂದರೆ ನನ್ನ ಕಲೆಗೆ ಹತ್ತು ವರ್ಷವೂ ತುಂಬಿಲ್ಲ. ಅದು ಹೊಸದು, ಬೆಳೆಯುತ್ತಿದೆ. ಫೋಟೋವನ್ನು ಕೆಳಗಿಟ್ಟೆ. ಇಷ್ಟು ದಿನ ಕಥೆಯ ಕಾವಲಿನಲ್ಲಿ ನಿಶ್ಚಿಂತವಾಗಿ ಮಲಗಿದ್ದ ಭಯ ಆಗ ಎದ್ದು ಕುಳಿತಿತು. ಶಕುಂತಲಾ ಕೈ ತೊಳೆದು ಬಂದು ಪಕ್ಕದಲ್ಲಿ ಕುಳಿತಳು. ನಾನು ಯಾವ ತಾರೀಖನ್ನೂ ಹೇಳಲಿಲ್ಲ.

ಸೋಮವಾರ, ಏಪ್ರಿಲ್ 11. ಹೌದು, ಅದೇ ತಾರೀಖು. ನಲವತ್ತಮೂರು ವರ್ಷದ ನಂತರ. ಈ ಕಾಕತಾಳೀಯವನ್ನು ಡಾಕ್ಟರಿಗೆ ಹೇಳಬೇಕೆಂದಿದ್ದೆ, ಹೆಂಡತಿ ಬೇಡವೆಂದು ಕಣ್ಣು ಮಾಡಿದಳು. ಕಲೆ ಹತ್ತು ವರ್ಷದೊಳಗಿನದು ಎಂದಷ್ಟೇ ಒಪ್ಪಿಕೊಂಡೆ. ಡಾಕ್ಟರು ತಲೆದೂಗಿ ಮೂರನೆಯ ದಾರಿ ಹಿಡಿದರು: ಸೂಜಿಯಿಂದ ಜಾಗ ಮರಗಟ್ಟಿಸಿ, ಎಲೆಯ ಆಕಾರದಲ್ಲಿ ಸುತ್ತ ಚೂರು ಬಿಟ್ಟು ಇಡೀ ಕಲೆಯನ್ನು ತೆಗೆದು, ಐದು ಹೊಲಿಗೆ ಹಾಕಿದರು. ತುಂಡನ್ನು ದ್ರವ ತುಂಬಿದ ಪುಟ್ಟ ಸೀಸೆಯಲ್ಲಿ ಬಿಟ್ಟು, ಮುಚ್ಚಿ, ಹೆಸರಿನ ಚೀಟಿ ಅಂಟಿಸಿದರು. ಶಕುಂತಲಾ ಅದನ್ನು ಬೆಳಕಿಗೆ ಹಿಡಿದು, "ಉಪ್ಪಿನಕಾಯಿ ಹಾಕ್ಯಾರ ನೋಡ್ರಿ ನಿಮ್ಮನ್ನ," ಎಂದಳು.

ಹನ್ನೆರಡು ದಿನ ನಾನು ಯಾವ ಪತ್ರಿಕೆಯ ಯಾವ ಇಸವಿಯನ್ನೂ ತಿದ್ದಲಿಲ್ಲ. ಮನೆಯವರು ಇದನ್ನು ಜ್ವರಕ್ಕಿಂತ ಗಂಭೀರ ಲಕ್ಷಣವೆಂದು ಪರಿಗಣಿಸಿದರು. ಆ ದಿನಗಳಲ್ಲಿ ಮಾಡಿದ ಬರವಣಿಗೆ ಒಂದೇ, ವಿಠ್ಠಲನ ಕರಪತ್ರದ ಹೊಸ ಪ್ರತಿ. 'ಈ ಮನೆಯ ಹಿರಿಯ ಮಗಳು' ಎಂದು ಬರೆದು ತೋರಿಸಿದಾಗ ಶಕುಂತಲಾ ಓದಿ, "ಹೆಸರು ಹಾಕ್ರಿ. ಶಕುಂತಲಾ ಅಂತ ಪೂರಾ," ಎಂದಳು. ಹಾಕಿದೆ.

ಹದಿಮೂರನೆಯ ದಿನ ವರದಿ ಬಂತು. ಡಾಕ್ಟರು ಓದಿ ನಕ್ಕರು. ಕಲೆ ಹಾಗೆಯೇ ಬಿಟ್ಟಿದ್ದರೆ ಮುಂದೆ ಕೆಡುವ ಜಾತಿಯದೇ; ಆದರೆ ಇನ್ನೂ ಮೇಲ್ಪದರದಲ್ಲೇ ಇತ್ತು, ಸುತ್ತಲಿನ ಅಂಚು ಸ್ವಚ್ಛ, ಪೂರ್ತಿ ಬಂದಿದೆ, ಇನ್ನೇನೂ ಮಾಡಬೇಕಿಲ್ಲ. "ಅಲ್ಲಲ್ಲಿ ಪಂಚ್ ಹೊಡದಿದ್ರ ಈ ಕರಿ ಮೂಲಿ ತಪ್ಪಿ ಹೋಗ್ತಿತ್ತು ಸರ್," ಎಂದರು. ಶಕುಂತಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಅಭ್ಯಾಸಬಲದಿಂದ ವರದಿಯನ್ನು ಮೊದಲ ಸಾಲಿನಿಂದ ಓದತೊಡಗಿದೆ, ಅಲ್ಲಿಯೇ ನಿಂತೆ. 'ರೋಗಿಯ ಹಿನ್ನೆಲೆ: ಎಡ ಮುಂಗೈ, ನಲವತ್ತಮೂರು ವರ್ಷದ ಹಳೆಯ ಸುಟ್ಟ ಗಾಯದ ಕಲೆ. ದಿನಾಂಕ 11-4-1973.' ಸೀಸೆಯ ಜೊತೆ ಹೋದದ್ದು ಮೊದಲ ದಿನ ಬರೆದ ನಮೂನೆಯೇ.

"ಇದು ತಪ್ಪದ್ರಿ. ತಿದ್ದಬೇಕು," ಎಂದೆ.

"ರಿಪೋರ್ಟ್ ಬರಾಬರಿ ಅದ್ರಿ ಸರ್. ಅದು ರೋಗಿ ಹೇಳಿದ್ದು, ರೋಗಿ ಹೇಳಿದ್ದೇ ಬರೀಬೇಕು. ನೀವೇ ಹೇಳೀರಿ."

ಆದ್ದರಿಂದ 1973ರ ಏಪ್ರಿಲ್ 11ರ ಘಟನೆಯ ಬಗ್ಗೆ ಈಗ ಮೂರು ದಾಖಲೆಗಳು ಉಳಿದಿವೆ. ಮಾವನ ವಹಿ: ಮೋಡಿ ಲಿಪಿ, ಓದಬಲ್ಲವರು ಕಡಿಮೆ, ಬೆಲ್ಲದ ಕಲೆಯನ್ನು ಇರುವೆ ಅಂಚಿನಿಂದ ತಿನ್ನುತ್ತಿದೆ. ನನ್ನ ಟಿಪ್ಪಣಿ ಪುಸ್ತಕ: ಪೆನ್ಸಿಲು, ಅರ್ಧ ಅಳಿಸಿದೆ, ಕೋಳಿಯ ಉಲ್ಲೇಖದಿಂದಾಗಿ ಗಾಂಭೀರ್ಯ ಕಡಿಮೆ. ಮೂರನೆಯದು ಪ್ರಯೋಗಾಲಯದ ವರದಿ: ಅಚ್ಚಾದ ಅಕ್ಷರ, ಕ್ರಮಸಂಖ್ಯೆ, ದುಂಡನೆಯ ಮೊಹರು, ಇಬ್ಬರು ತಜ್ಞರ ಸಹಿ. ಮೊದಲನೆಯದು ಶಕುಂತಲೆಯ ಕೈ ಎನ್ನುತ್ತದೆ, ಎರಡನೆಯದು ನಾನು ಅಲ್ಲಿರಲೇ ಇಲ್ಲ ಎನ್ನುತ್ತದೆ, ಮೂರನೆಯದು ನನ್ನ ಕೈ ಎನ್ನುತ್ತದೆ. ಮುಂದೊಂದು ದಿನ ಯಾರಾದರೂ ಈ ಮನೆತನದ ಚರಿತ್ರೆ ಬರೆಯಲು ಕುಳಿತರೆ ಯಾವುದನ್ನು ನಂಬುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನನ್ನ ಮುಂದೆ ಈ ಮೂರನ್ನೂ ಇಟ್ಟಿದ್ದರೆ ನಾನೂ ಅದನ್ನೇ ನಂಬುತ್ತಿದ್ದೆ.